ಕೊಣಾಜೆಯ ಗುಡ್ಡದಿಂದ ಕೈಗಾದ ಕಣಿವೆಗೆ

ಮಂಗಳೂರಿನ ಸ್ಟೇಟ್‌ಬ್ಯಾಂಕ್ ನಿಲ್ದಾಣದಲ್ಲಿ ಬಸ್ಸು ಹತ್ತಿದರೆ ನೇತ್ರಾವತಿ ಸೇತುವೆ ದಾಟಿ, ತೊಕ್ಕೊಟ್ಟು, ದೇರಳಕಟ್ಟೆ ಹಾದು ಕೊಣಾಜೆಯ ಗುಡ್ಡ ಸೇರಬಹುದು. 1980ರಲ್ಲಿ ಆರಂಭವಾದ ಮಂಗಳೂರು ವಿಶ್ವವಿದ್ಯಾನಿಲಯ ಇರುವುದು ಇಲ್ಲೇ. ಪರಿಸರದಲ್ಲಿನ ವಿಕಿರಣವನ್ನು ಅಭ್ಯಸಿಸಲೆಂದೇ ಇಲ್ಲೊಂದು ಕೇಂದ್ರವಿದೆ. ಕೈಗಾ ಸುತ್ತಲಿನ ಗಾಳಿ, ನೀರು, ಗಿಡಮರಗಳಲ್ಲಿ ಟ್ರಿಷಿಯಂ ಎಷ್ಟಿದೆ ಎಂದು ಇಲ್ಲಿನ ವಿಜ್ಞಾನಿಗಳು ಅಳೆದಿದ್ದಾರೆ.

ಏನಿದು ಟ್ರಿಷಿಯಂ? ಜಲಜನಕದ್ದೇ ಒಂದು ರೂಪ, ವಿಕಿರಣ ಸೂಸುವಂಥದು. ಅಣುಸ್ಥಾವರದ ಭಾರಜಲದಲ್ಲಿ ಹುಟ್ಟುತ್ತದೆ. ಇದರ ವಿಕಿರಣ ಎಷ್ಟು ದುರ್ಬಲವೆಂದರೆ ನಮ್ಮ ಚರ್ಮವನ್ನೂ ದಾಟಲಾರದು. ಆದರೆ ನೀರಿನ ರೂಪದಲ್ಲಿ ಹೊಟ್ಟೆಗೆ ಹೋದರೆ ಮೈಯ ನೀರಿನೊಡನೆ ಎಲ್ಲೆಡೆ ಬೆರೆತುಬಿಡುತ್ತದೆ.

2009ರ ನವೆಂಬರಿನಲ್ಲಿ ಕೈಗಾದಲ್ಲಿ ಆದದ್ದು ಇದೇ. ಮಂಗಳೂರಿನಿಂದ ಕರಾವಳಿಯ ಹೆದ್ದಾರಿ ಹಿಡಿದು ಕುಂದಾಪುರ, ಭಟ್ಕಳ, ಹೊನ್ನಾವರ, ಅಂಕೋಲಾ ದಾಟಿ ಉತ್ತರಕ್ಕೆ ಸಾಗಿದರೆ, ಕಾಳಿ ನದಿಯ ಕಣಿವೆಯಲ್ಲಿ, ದಟ್ಟ ಕಾಡಿನ ನಡುವೆ ಈ ಸ್ಥಾವರ ಕಾಣುತ್ತದೆ. ದುಡಿಮೆಯ ನಡುವೆ ಬಾಯಾರಿದ ಕೆಲಸಗಾರರು ಎಂದಿನಂತೆ ವಾಟರ್ ಕೂಲರಿನ ನೀರು ಕುಡಿದರು. ಅದರಲ್ಲಿ ಟ್ರಿಷಿಯಂ ಬೆರೆತಿತ್ತು. ವಾಡಿಕೆಯ ಮೂತ್ರ ಪರೀಕ್ಷೆಯಲ್ಲಿ ವಿಷಯ ಬಯಲಾಯಿತು. ಐವತ್ತಕ್ಕೂ ಹೆಚ್ಚು ಮಂದಿಯ ಮೈಯೊಳಗೆ ಅದು ಸೇರಿತ್ತು. ಯಾರೋ ಬೇಕೆಂದೇ ಬೆರೆಸಿರಬೇಕೆಂದು ಅಧಿಕಾರಿಗಳು ಶಂಕಿಸಿದರು. ಇಂಥ ಕೆಲಸಗಾರರಿಗೆ ವರ್ಷಕ್ಕೆ 30 ಮಿಲಿಸೀವರ್ಟ್ ಎಂಬ ಮಿತಿಯಿದೆ. ಹೆಚ್ಚಿನವರ ಪ್ರಮಾಣ ಅದರೊಳಗೇ ಇತ್ತು.

ಚಿಕಿತ್ಸೆಯೇನು ಗೊತ್ತೇ? ಧಾರಾಳವಾಗಿ ನೀರು ಕುಡಿಸುವುದು. ಅಗತ್ಯವಿದ್ದರೆ ಮೂತ್ರ ಹೆಚ್ಚಿಸುವ ಔಷಧಿ ಕೊಡುವುದು. ವಯಸ್ಕರ ಮೈಯಲ್ಲಿ ಸುಮಾರು 40 ಲೀಟರ್ ನೀರಿರುತ್ತದೆ. ಕುಡಿದಷ್ಟು ಒಳಬಂದು, ಹಳೆಯದು ಮೂತ್ರ, ಬೆವರುಗಳಾಗಿ ಹೊರಹೋಗುತ್ತದೆ. ಟ್ರಿಷಿಯಂ ತಾನಾಗಿ ಅರ್ಧವಾಗಲು ಹನ್ನೆರಡು ವರ್ಷಕ್ಕೂ ಮಿಕ್ಕಿ ಬೇಕು. ಆದರೆ ದೇಹದೊಳಗಿನದು ಸುಮಾರು ಹತ್ತೇ ದಿನಗಳಲ್ಲಿ ಅರ್ಧಕ್ಕಿಳಿಯುತ್ತದೆ. ಹೆಚ್ಚು ನೀರು ಕುಡಿದರೆ ಇನ್ನೂ ಬೇಗ. ಅದು ದೇಹದಲ್ಲಿರುವ ದಿನಗಳು ಕಡಿಮೆಯಾದಷ್ಟೂ ತಗಲುವ ವಿಕಿರಣವೂ ಕಡಿಮೆ.

ಸೆಕೆಗೆ ಬೊಂಡದ ನೀರು, ಗಂಜಿತಿಳಿ, ಮಜ್ಜಿಗೆ ಕುಡಿದು ಬೆಳೆಯುವ ನಮ್ಮೂರ ಮಕ್ಕಳಿಗೆ ಈ ತತ್ತ್ವ ಸುಲಭವಾಗಿ ತಿಳಿದೀತು. ಆದರೆ ಎರಡು ಮಾತು ನೆನಪಿರಲಿ. ನೀರನ್ನು ಅತಿಯಾಗಿ ಕುಡಿದರೆ ರಕ್ತದ ಉಪ್ಪಿನಂಶ ಇಳಿದು ಪ್ರಾಣಕ್ಕೇ ಅಪಾಯ. ಆದ್ದರಿಂದ ಇದು ವೈದ್ಯರ ಕಣ್ಣೆದುರೇ ಆಗಬೇಕು. ಮೂಳೆಯಲ್ಲಿ ಕೂರುವ ಸ್ಟ್ರಾನ್ಷಿಯಂ, ಥೈರಾಯ್ಡ್ ಗ್ರಂಥಿಯನ್ನು ಸೇರುವ ಅಯೋಡಿನ್‌ಗಳಿಗೆ ಈ ಮದ್ದು ಸಾಲದು.

ಪದವಿ ಮುಗಿಸಿದ ನಮ್ಮ ಎಷ್ಟೋ ಮಕ್ಕಳು ಕಾರ್ಖಾನೆ, ಸ್ಥಾವರಗಳತ್ತ ಕೆಲಸ ಹುಡುಕಿ ಹೋಗುತ್ತಾರೆ. ಸಂಬಳ ಎಷ್ಟೆಂದು ಕೇಳುವ ಹೆತ್ತವರು, ಅಲ್ಲಿ ಆರೋಗ್ಯ ತಪಾಸಣೆ ಎಷ್ಟು ದಿನಕ್ಕೊಮ್ಮೆ ನಡೆಯುತ್ತದೆ ಎಂಬುದನ್ನೂ ಕೇಳಿ ತಿಳಿಯುವುದು ಒಳ್ಳೆಯದು. ಕೈಗಾದಲ್ಲಿ ಸಂಗತಿ ಬೇಗ ಗೊತ್ತಾದದ್ದು ಅಂಥ ತಪಾಸಣೆಯಿಂದಲೇ.