ಹದಿನೇಳು ಗಂಟೆ ದೂರದ ಊರು

"ಸ್ಯಾನ್ ಫ್ರಾನ್ಸಿಸ್ಕೋ ಎಷ್ಟು ದೂರ?" ಅಂತ ಬೆಂಗಳೂರಿನಲ್ಲಿ ಯಾರನ್ನಾದರೂ ಕೇಳಿ ನೋಡಿ. ಕಿಲೋಮೀಟರು ಹೇಳುವವರು ಸಿಗುವುದಿಲ್ಲ. "ಡೈರೆಕ್ಟ್ ಫ್ಲೈಟಾದರೆ ಹದಿನೇಳು ಗಂಟೆ" ಅನ್ನುತ್ತಾರೆ. ನಾವು ಮೊದಲಿನಿಂದಲೂ ಹೀಗೇ. ಹಳ್ಳಿಯಲ್ಲಿ ದಾರಿ ಕೇಳಿದರೆ "ಎಲೆಅಡಿಕೆ ಹಾಕ್ಕೊಂಡು ಮುಗಿಸೋದ್ರೊಳಗೆ ಬಂತು ಬಿಡಿ" ಅಂದವರ ಮೊಮ್ಮಕ್ಕಳಲ್ಲವೇ!

ಇರಲಿ, ಕಿಲೋಮೀಟರೇ ಬೇಕು ಅನ್ನುವವರಿಗೆ: ಸುಮಾರು 14,000. ಭೂಮಿಯ ಸುತ್ತಳತೆಯೇ 40,000 ಆದ್ದರಿಂದ ಯಾವ ಊರಿಗೆ ಹೋದರೂ ನೇರ ದೂರ 20,000ದ ಆಚೆಗಿರುವುದಿಲ್ಲ. ಕೆಲಸಕ್ಕೆಂದು ಹೋದ ನಮ್ಮ ಮಕ್ಕಳು ಈಗಾಗಲೇ ಅದರ ಮುಕ್ಕಾಲುಪಾಲಿನ ಹತ್ತಿರಕ್ಕೆ ಹೋಗಿ ಕೂತಿದ್ದಾರೆ.

ಗೋಡೆಯ ನಕ್ಷೆ ನೋಡಿ ಇದನ್ನು ಅಳೆಯಬಾರದು. ಗೋಳದ ಮೇಲೆ ಎರಡು ಊರಿಗೂ ದಾರ ಬಿಗಿಹಿಡಿದು ನೋಡಿ. ಅದು ಯೂರೋಪಿನ ಕಡೆ ತಲೆಯೇ ಹಾಕುವುದಿಲ್ಲ. ಚೀನಾ, ಸೈಬೀರಿಯಾ ದಾಟಿ, ಆರ್ಕ್ಟಿಕ್ ಸಮುದ್ರದ ಅಂಚು ಸವರಿ, ಅಲಾಸ್ಕಾದ ಮೇಲೆ ಇಳಿಯುತ್ತದೆ. 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತವರ ಮಹಿಳಾ ಪೈಲಟ್‌ಗಳ ತಂಡ ಇನ್ನೂ ಮೇಲೆ ಹೋಗಿ, ಉತ್ತರ ಧ್ರುವದ ಮೇಲಿಂದಲೇ ಏರ್ ಇಂಡಿಯಾ ವಿಮಾನವನ್ನು ಬೆಂಗಳೂರಿಗೆ ತಂದಿತು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶನಿವಾರ ರಾತ್ರಿ ಹತ್ತಿದವರು ಇಲ್ಲಿ ಇಳಿದದ್ದು ಸೋಮವಾರ ನಸುಕಿಗೆ. ನಡುವಿನ ಭಾನುವಾರ ರಜೆಯ ಲೆಕ್ಕಕ್ಕೆ ಸೇರಿತೋ ಇಲ್ಲವೋ, ಪ್ರಯಾಣಿಕರನ್ನೇ ಕೇಳಬೇಕು. ಹೋಗುವಾಗ ಇದರ ತಿರುವು ಮುರುವು: ಚಳಿಗಾಲದಲ್ಲಿ ಅಲ್ಲಿನ ಗಡಿಯಾರ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಹಾಗಾಗಿ ನೇರ ವಿಮಾನದಲ್ಲಿ ಮಧ್ಯಾಹ್ನ ಹೊರಟರೆ ಅದೇ ದಿನ ಸಂಜೆಗೆ ತಲುಪಿದಂತೆ. ಹದಿನೇಳು ಗಂಟೆ ಕೂತ ಸೊಂಟ ಮಾತ್ರ ಗಡಿಯಾರವನ್ನು ನಂಬುವುದಿಲ್ಲ.

ದೂರ ಕಡಿಮೆಯಾದರೆ ಹೊತ್ತೂ ಕಡಿಮೆ ಅಂದುಕೊಂಡರೆ ಅದೂ ಸುಳ್ಳು. ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಅಟ್ಲಾಂಟಿಕ್ ದಾರಿಯಲ್ಲಿ ಹೋಗುತ್ತಿದ್ದ ವಿಮಾನವನ್ನು 2016ರಲ್ಲಿ ಏರ್ ಇಂಡಿಯಾ ಪೆಸಿಫಿಕ್ ದಾರಿಗೆ ತಿರುಗಿಸಿತು. ದಾರಿ ಸಾವಿರ ಕಿಲೋಮೀಟರಿಗೂ ಹೆಚ್ಚು ಉದ್ದವಾಯಿತು, ಆದರೂ ವಿಮಾನ ಬೇಗ ತಲುಪಿತು. ವಿಮಾನ ಹಾರುವ ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೋರಾಗಿ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಬೆನ್ನಿಗೆ ಬಿದ್ದದ್ದೇ ಕಾರಣ. ಮೊದಲಿನ ದಾರಿಯಲ್ಲಿ ಅದೇ ಗಾಳಿ ಮುಖಕ್ಕೆ ಹೊಡೆಯುತ್ತಿತ್ತು. ಸುತ್ತುಬಳಸಿ ಹೋಗುವ ಆಟೋದವರಿಗೆ ಈ ಸಮಾಚಾರ ತಿಳಿಯದಿರುವುದೇ ಒಳ್ಳೆಯದು.

ಈ ಹದಿನೇಳು ಗಂಟೆಯಲ್ಲಿ ಜಯನಗರದಿಂದ ದೇವನಹಳ್ಳಿಯ ವಿಮಾನ ನಿಲ್ದಾಣದವರೆಗಿನ ಲೆಕ್ಕ ಸೇರಿಲ್ಲ. ನಲವತ್ತು ಚಿಲ್ಲರೆ ಕಿಲೋಮೀಟರು, ಮಳೆ ಬಂದರಂತೂ ಎರಡು ಗಂಟೆ. ಮೇಲೆ ಗಂಟೆಗೆ ಎಂಟುನೂರು ಚಿಲ್ಲರೆ ಕಿಲೋಮೀಟರು ಹಾರುವವರು ಕೆಳಗೆ ಇಪ್ಪತ್ತರಲ್ಲಿ ತೆವಳುತ್ತಾರೆ. ಆದ್ದರಿಂದ ಬಾಣಂತನಕ್ಕೆಂದು ಮಗಳ ಮನೆಗೆ ಹೊರಟಿರುವ ಅಮ್ಮಂದಿರಲ್ಲಿ ಒಂದು ವಿನಂತಿ: ಧ್ರುವದ ಚಿಂತೆ ಪೈಲಟ್‌ಗೆ ಬಿಡಿ, ಹೆಬ್ಬಾಳದ ಫ್ಲೈಓವರ್ ಹೇಗಿದೆ ಅಂತ ಕೇಳಿಕೊಂಡು ಮನೆ ಬಿಡಿ.