ಕಟ್ ಎನ್ನುವ ಹ್ಯಾಂಡಲು

ಕದ್ರಿಯ ಒಂದು ಮನೆಯ ಜಗಲಿಯಲ್ಲಿ ಆ ಸೈಕಲು ಬಹುಕಾಲ ಗೋಡೆಗೊರಗಿ ನಿಂತಿತ್ತು. ಅಜ್ಜ ತುಳಿದದ್ದು. ಕಪ್ಪು ಬಣ್ಣ, ಸರಳಿನ ಬ್ರೇಕು, ಹಿಂದೆ ಅಗಲದ ಕ್ಯಾರಿಯರ್. ಪಿಯುಸಿಗೆ ಸೇರಿದ ಮೊಮ್ಮಗ ಅದನ್ನು ಒರೆಸಿ, ಟಯರು ಬದಲಿಸಿ ಬೀದಿಗಿಳಿಸಿದ. ಎಲ್ಲ ಸರಿಯಿತ್ತು. ಆದರೆ ಬ್ರೇಕು ಹಿಡಿದಾಗಲೆಲ್ಲ ಹ್ಯಾಂಡಲಿನ ಬುಡದಲ್ಲಿ 'ಕಟ್' ಎಂಬ ಸದ್ದು.

ಮಂಗಳೂರಿನಲ್ಲಿ ಸಮತಟ್ಟಾದ ದಾರಿ ಕಡಿಮೆ. ಜ್ಯೋತಿಯ ಕಡೆಯಿಂದ ಬಾವುಟಗುಡ್ಡೆ ಹತ್ತಿದವನು ಆಚೆ ಹಂಪನಕಟ್ಟೆಗೆ ಇಳಿಯಲೇಬೇಕು. ಇಳಿಜಾರಿನಲ್ಲಿ ಬ್ರೇಕು ಹಿಡಿದರೆ ಸವಾರನ ಭಾರ ಮುಂದಕ್ಕೆ ಸರಿದು ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರವನ್ನು ಹಿಡಿದಿರುವ ಜಾಗವೇ ಸಡಿಲವಾಗಿದ್ದರೆ?

ಅಪ್ಪನಿಗೆ ಈ ಭಯ ಹತ್ತಿತು. ಭಾನುವಾರ ದೊಡ್ಡ ಸ್ಪ್ಯಾನರ್ ತಂದು, ಹ್ಯಾಂಡಲಿನ ಕೆಳಗಿನ ನಟ್ಟನ್ನು ಕೈ ನೋಯುವವರೆಗೆ ತಿರುಗಿಸಿದರು. ಸದ್ದು ನಿಂತಿತು. ಮರುದಿನ ಮಗ ತಿರುವಿನಲ್ಲಿ ಚರಂಡಿಯ ಬದಿಗೆ ಬಿದ್ದು, ಮೊಣಕೈ ತರಚಿಕೊಂಡು ಬಂದ. "ಹ್ಯಾಂಡಲ್ ತಿರುಗುವುದೇ ಇಲ್ಲ ಅಪ್ಪ" ಎಂದ. "ಗುಜರಿಗೆ ಹಾಕಿ ಅದನ್ನು" ಎಂದರು ಅಮ್ಮ.

ಗುಜರಿಗೆ ಹಾಕುವ ಮೊದಲು ತಂದೆ ಮಗ ಇಬ್ಬರೂ ಸೈಕಲನ್ನು ತಳ್ಳಿಕೊಂಡು ರಿಪೇರಿ ಅಂಗಡಿಗೆ ಹೋದರು. ವಯಸ್ಸಾದ ಮೆಕ್ಯಾನಿಕ್ ಮುಂದಿನ ಚಕ್ರ ಎತ್ತಿ ಹ್ಯಾಂಡಲನ್ನು ಮೆಲ್ಲಗೆ ಆಡಿಸಿ ನೋಡಿದರು.

"ಟೈಟ್ ಮಾಡಿದ್ದು ಯಾರು ಮಾರಾಯ್ರೆ?"

"ನಾನೇ. ಸದ್ದು ಬರ್ತಿತ್ತಲ್ಲ."

"ಸದ್ದು ನಿಂತಿತು, ಸರಿ. ಗುಂಡುಗಳಿಗೆ ಉರುಳಲಿಕ್ಕೆ ಜಾಗ ಬೇಡವಾ?"

ಸೈಕಲು ಬೀಳದೆ ನಿಲ್ಲುವುದು ಸವಾರನಿಗೇ ತಿಳಿಯದಂತೆ ಹ್ಯಾಂಡಲು ಕ್ಷಣಕ್ಷಣಕ್ಕೂ ಎಡಬಲಕ್ಕೆ ಚೂರುಚೂರು ತಿರುಗುತ್ತಿರುವುದರಿಂದ. ಅದು ಬಿಗಿದರೆ ಸೈಕಲು ನೆಟ್ಟಗೆ ಹೋಗಲಾರದು. ಮುಂದಿನ ಫೋರ್ಕಿನ ಕೊಳವೆ ಫ್ರೇಮಿನ ಮುಂಗೊಳವೆಯ ಒಳಗಿಂದ ಮೇಲೆ ಬರುತ್ತದೆ. ಮುಂಗೊಳವೆಯ ಎರಡು ತುದಿಗಳಲ್ಲೂ ಕಪ್ಪು, ಕಪ್ಪಿನಲ್ಲಿ ಗ್ರೀಸು, ಗ್ರೀಸಿನಲ್ಲಿ ಸಣ್ಣ ಉಕ್ಕಿನ ಗುಂಡುಗಳು. ಮೇಲ್ತುದಿಯಲ್ಲಿ ಮರೆಯಿರುವ ಒಂದು ಬಿಲ್ಲೆ ಗುಂಡುಗಳನ್ನು ಒತ್ತಿ ಹಿಡಿಯುತ್ತದೆ. ಅದರ ಮೇಲೆ ವಾಷರ್, ಅದಕ್ಕೂ ಮೇಲೆ ಲಾಕ್ ನಟ್. 1951ರ ಅಟ್ಲಾಸ್ ಕಂಪನಿಯಿಂದ 1956ರ ಹೀರೋವರೆಗೆ ಈ ದೇಶದ ಮನೆಮನೆಗೆ ಬಂದ ಕಪ್ಪು ಸೈಕಲುಗಳೆಲ್ಲದರ ಕಟ್ಟೋಣ ಇಷ್ಟೇ.

ಮೆಕ್ಯಾನಿಕ್ ಕೆಳಗೆ ಹಳೆಯ ಬಟ್ಟೆ ಹಾಸಿ ಬಿಚ್ಚಿದರು. ಗುಂಡು ಉರುಳಿಹೋದರೆ ಲೆಕ್ಕ ತಪ್ಪುತ್ತದೆ. ಮೇಲಿನ ಕಪ್ಪು ಚೆನ್ನಾಗಿತ್ತು. ಕೆಳಗಿನದು ತುಕ್ಕಿನ ಕೆಸರು. ಕರಾವಳಿಯ ಮಳೆಗಾಲದಲ್ಲಿ ಚಕ್ರ ಸಿಡಿಸುವ ನೀರು ಮೊದಲು ಸೇರುವುದು ಅಲ್ಲಿಗೆ; ಹೊಂಡದ ಏಟು ಬೀಳುವುದೂ ಅಲ್ಲಿಗೆ. ಕಪ್ಪಿನಲ್ಲಿ ಗುಂಡುಗಳು ಕೊರೆದ ಕುಳಿಗಳನ್ನು ಹುಡುಗನ ಬೆರಳಿಗೇ ಮುಟ್ಟಿಸಿದರು. ಇಂಥ ಕಪ್ಪನ್ನು ಎಷ್ಟು ಬಿಗಿದರೂ ಪ್ರಯೋಜನವಿಲ್ಲ. ಹಳೆಯದನ್ನು ಪಕ್ಕದಲ್ಲಿಟ್ಟು ಅಳತೆ ನೋಡಿ ಹೊಸ ಕಪ್ಪು, ಹೊಸ ಗುಂಡು ಹಾಕಿದರು. ಬೇರೆ ಬೇರೆ ಸೈಕಲಿನ ಮರೆ ಒಂದೇ ಆಗಿರಬೇಕೆಂದಿಲ್ಲ, ಅಂದಾಜಿನಲ್ಲಿ ಕೊಂಡರೆ ಕೂರುವುದಿಲ್ಲ.

ಕೊನೆಯ ಕೆಲಸವನ್ನು ಅವರು ಹುಡುಗನಿಗೆ ಬಿಟ್ಟರು. ಬಿಲ್ಲೆಯನ್ನು ಕೈಯಿಂದಲೇ ಕೂರುವಷ್ಟು ತಿರುಗಿಸಿ, ಒಂದು ಕೂದಲೆಳೆಯಷ್ಟು ಹಿಂದಕ್ಕೆ ಬಿಡಬೇಕು. ಲಾಕ್ ನಟ್ ಬಿಗಿಯುವಾಗ ಅದು ಬಿಲ್ಲೆಯನ್ನು ತುಸು ಕೆಳಕ್ಕೆ ಒತ್ತುತ್ತದೆ. ಬಿಗಿಯುವಾಗ ಬಿಲ್ಲೆಯೂ ಜತೆಗೆ ತಿರುಗದಂತೆ ಇನ್ನೊಂದು ಸ್ಪ್ಯಾನರಿನಿಂದ ಹಿಡಿಯಬೇಕು. ಆ ಸ್ಪ್ಯಾನರ್ ಹಿಡಿದದ್ದು ಅಪ್ಪ. ಮೊದಲ ಸಲ ಹೆಚ್ಚಾಯಿತು, ಎರಡನೆಯ ಸಲ ಸಡಿಲವಾಯಿತು. ಅಪ್ಪನ ಕೈ ಮಗನ ಸ್ಪ್ಯಾನರಿನತ್ತ ಚಾಚಿತು. "ನೀವು ಹಿಡ್ಕೊಳ್ಳಿ ಸಾಕು, ಅವನು ಮಾಡ್ತಾನೆ" ಎಂದರು ಮೆಕ್ಯಾನಿಕ್. ಮೂರನೆಯ ಸಲ ಸರಿಯಾಯಿತು.

ಸರಿಯಾಯಿತೆಂದು ತಿಳಿಯುವ ಪರೀಕ್ಷೆ ಎರಡು. ಮುಂದಿನ ಬ್ರೇಕು ಹಿಡಿದು, ಕಪ್ಪಿನ ಸಂದಿಯ ಮೇಲೆ ಬೆರಳಿಟ್ಟು, ಸೈಕಲನ್ನು ಹಿಂದೆ ಮುಂದೆ ತಳ್ಳಿದರೆ ಬೆರಳಿಗೆ ಅಲುಗು ತಾಗಬಾರದು. ಕಪ್ಪು ಅಲುಗದೆ ಸದ್ದು ಮಾತ್ರ ಬಂದರೆ ದೋಷ ಬ್ರೇಕಿನ ಕೀಲಿನಲ್ಲೋ ಚಕ್ರದ ಅಚ್ಚಿನಲ್ಲೋ ಇರುತ್ತದೆ. ಎರಡನೆಯದು: ಮುಂದಿನ ಚಕ್ರ ನೆಲದಿಂದ ಎತ್ತಿ ಸೈಕಲನ್ನು ಓರೆ ಮಾಡಿದರೆ ಹ್ಯಾಂಡಲು ಎಲ್ಲೂ ತಡೆಯದೆ ತಾನಾಗಿ ಆ ಕಡೆಗೆ ವಾಲಬೇಕು.

ಮರುದಿನ ಬೆಳಿಗ್ಗೆ ಹುಡುಗ ಗೇಟಿನ ಬಳಿ ಎರಡೂ ಪರೀಕ್ಷೆ ಮಾಡಿದ. ಅಪ್ಪ ಜಗಲಿಯಲ್ಲಿ ನಿಂತು ನೋಡುತ್ತಿದ್ದರು. ಇಳಿಜಾರಿನ ಬಗ್ಗೆ ಏನೋ ಹೇಳಬೇಕೆಂದು ಬಾಯಿ ತೆರೆದವರು, "ಬ್ರೇಕು ಹಿಡಿದು ನೋಡಿದೆಯಾ?" ಎಂದಷ್ಟೇ ಕೇಳಿದರು.

"ನೋಡಿದೆ ಅಪ್ಪ" ಎಂದ ಹುಡುಗ. ಅಪ್ಪ ಒಳಗೆ ಹೋದರು.