ಅವ್ವನ ಜ್ವರದ ಗನ್ನು

ಯುಗಾದಿಗೆ ಊರಿಗೆ ಹೋದಾಗ ಹಳೇ ಟ್ರಂಕಿನಲ್ಲಿ ಏನೋ ಹುಡುಕುತ್ತಿದ್ದೆ. ಹುಡುಕಿದ್ದು ಸಿಗಲಿಲ್ಲ, ಸಿಗಬಾರದ್ದು ಸಿಕ್ಕಿತು. ಕೊರೊನಾ ಕಾಲದಲ್ಲಿ ಅವ್ವ ಹೆಗಲಚೀಲದಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಬಿಳಿ ಬಣ್ಣದ ಥರ್ಮಾಮೀಟರ್ ಗನ್ನು. ಸೆಲ್ ತೆಗೆಯದೆ ಹಾಗೇ ಇಟ್ಟಿದ್ದರಿಂದ ಸೋರಿ, ಒಳಗೆಲ್ಲಾ ಬಿಳೀ ಪುಡಿ ಹರಡಿತ್ತು. ಅದನ್ನು ಹಿಡಿದುಕೊಂಡು ಸುಮಾರು ಹೊತ್ತು ಅಲ್ಲೇ ಕೂತೆ... ಇದರ ಬಗ್ಗೆ ಬರೆಯಬೇಕು ಅಂತ ಎಷ್ಟೋ ದಿನದಿಂದ ಅಂದುಕೊಳ್ಳುತ್ತಿದ್ದೆ, ಧೈರ್ಯ ಬಂದಿರಲಿಲ್ಲ.

ನಮ್ಮದು ಕೊಟ್ಟೂರಿನ ಹತ್ತಿರದ ಒಂದು ಹಳ್ಳಿ. 2021ರಲ್ಲಿ ವಿಜಯನಗರ ಜಿಲ್ಲೆ ಆದಾಗ ಹೊಸಪೇಟೆಯ ಜೊತೆ ಸೇರಿದ ಉಳಿದ ಐದು ತಾಲ್ಲೂಕುಗಳು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ. ಈ ಐದರ ಬಿಸಿಲು ಹೇಗಿರುತ್ತದೆ ಅಂತ ಅಲ್ಲಿ ಒಂದು ಬೇಸಿಗೆ ಕಳೆದವರಿಗಷ್ಟೇ ಗೊತ್ತು. ಏಪ್ರಿಲ್ ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ಮುಟ್ಟುತ್ತದೆ. ಬೆಂಗಳೂರಿನ ಗೆಳೆಯರು 34 ಡಿಗ್ರಿಗೇ "ಅಯ್ಯೋ ಸೆಕೆ" ಅಂದಾಗ ನನಗೆ ನಗು ಬರುತ್ತದೆ :)

ಅವ್ವ ಆಶಾ ಕಾರ್ಯಕರ್ತೆ. 2021ರ ಮೇ ತಿಂಗಳಲ್ಲಿ ಎರಡನೇ ಅಲೆ ಜೋರಾಗಿದ್ದಾಗ ಅವಳ ಕೆಲಸ ದಿನಾ ಮನೆ ಮನೆಗೆ ಹೋಗಿ ಯಾರಿಗೆ ಜ್ವರ, ಯಾರಿಗೆ ಕೆಮ್ಮು ಅಂತ ಬರೆದುಕೊಂಡು ಬರುವುದು. ನಾನು ವರ್ಕ್ ಫ್ರಮ್ ಹೋಮ್ ಅಂತ ಊರಲ್ಲೇ ಇದ್ದೆ, ಮಾಳಿಗೆ ಹತ್ತಿದರೆ ಮಾತ್ರ ನೆಟ್‌ವರ್ಕ್. ಮೊದಮೊದಲು ಜನ ಗನ್ನು ನೋಡಿದರೆ ಹೆದರುತ್ತಿದ್ದರು. ಹಣೆಗೆ ಹಿಡಿದರೆ ಮಿದುಳಿಗೆ ಏಟು ಅಂತ 2020ರಲ್ಲೇ ವಾಟ್ಸಾಪಿನಲ್ಲಿ ಸುದ್ದಿ ಹಬ್ಬಿತ್ತಲ್ಲ. ನಾನೇ ಓಣಿಯವರಿಗೆ ತಿಳಿಸಿ ಹೇಳಿದ್ದೆ: ಇದು ಏನನ್ನೂ ಬಿಡುವುದಿಲ್ಲ, ಬರೀ ತೆಗೆದುಕೊಳ್ಳುತ್ತದೆ. ಬಿಸಿ ಇರುವ ಪ್ರತಿಯೊಂದು ವಸ್ತುವೂ ಕಣ್ಣಿಗೆ ಕಾಣದ ಒಂದು ಬೆಳಕು ಸೂಸುತ್ತಿರುತ್ತದೆ, 1800ರಲ್ಲಿ ವಿಲಿಯಂ ಹರ್ಷಲ್ ಪ್ರಿಸಂನ ಕೆಂಪು ಬಣ್ಣದಾಚೆ ಥರ್ಮಾಮೀಟರ್ ಇಟ್ಟು ಕಂಡುಹಿಡಿದದ್ದು ಇದನ್ನೇ. ಹಣೆಯಿಂದ ಬರುವ ಆ ಬೆಳಕು ಮುಂದಿನ ಪುಟ್ಟ ಲೆನ್ಸಿನ ಮೂಲಕ ಒಳಗಿನ ಸೆನ್ಸರಿಗೆ ಬೀಳುತ್ತದೆ, ಅಷ್ಟೇ. ಎಂಜಿನಿಯರ್ ಹೇಳಿದ ಮೇಲೆ ಮುಗೀತು, ಜನ ಹಣೆ ಕೊಟ್ಟರು.

ಒಂದು ದಿನ ಮಧ್ಯಾಹ್ನ ಅವ್ವ ಗಾಬರಿಯಿಂದ ಮನೆಗೆ ಬಂದಳು. "ತಮ್ಮಾ, ಇಡೀ ಓಣಿಗೆ ಜ್ವರ ಬಂದೈತಿ ನೋಡು!" ಅಂದಳು. ಪುಸ್ತಕದಲ್ಲಿ ಎಲ್ಲರ ಮುಂದೆ 100, 100.6, 101. ನನ್ನ ಹಣೆಗೆ ಹಿಡಿದರೆ ನನಗೂ 100. ನನಗೇನೂ ಆಗಿರಲಿಲ್ಲ.

ಕೈಪಿಡಿ ತೆಗೆದು ಓದಿದೆ. ಸಣ್ಣ ಅಕ್ಷರದಲ್ಲಿ ಎಲ್ಲ ಬರೆದಿತ್ತು. ಬಳಸುವ ಜಾಗ 10ರಿಂದ 40 ಡಿಗ್ರಿ ಸೆಲ್ಸಿಯಸ್ ಒಳಗಿರಬೇಕು. ಬೇರೆ ಜಾಗದಿಂದ ತಂದರೆ ಅರ್ಧ ಗಂಟೆ ಸುಮ್ಮನೆ ಇಡಬೇಕು. ಬಿಸಿಲಿನಿಂದ ಬಂದವರನ್ನು ತಕ್ಷಣ ನೋಡಬಾರದು, ಹಣೆ ಒಣಗಿರಬೇಕು. ನಮ್ಮಲ್ಲಿ ಇದರಲ್ಲಿ ಯಾವುದು ಸಾಧ್ಯ ಹೇಳಿ? ಗನ್ನು ಇರುವುದು ಬಿಸಿಲಲ್ಲಿ ನಿಂತ ಸ್ಕೂಟಿಯ ಡಿಕ್ಕಿಯಲ್ಲಿ. ಗಂಡಸರ ಹಣೆಗೆ ವಿಭೂತಿ, ತಲೆಗೆ ರುಮಾಲು. ಹೊಲದಿಂದ ಬಂದವರ ಹಣೆಯ ಚರ್ಮವೇ ಕಾದಿರುತ್ತದೆ. ಸಾಲದ್ದಕ್ಕೆ ಒಳಗಿನ ಸೆನ್ಸರ್ ಅಳೆಯುವುದು ಹಣೆಗೂ ತನಗೂ ಇರುವ ವ್ಯತ್ಯಾಸವನ್ನು. ತಾನೇ ಅರ್ಧಂಬರ್ಧ ಕಾದಿದ್ದರೆ ಲೆಕ್ಕ ಸರಿ ಬರುವುದು ಹೇಗೆ?

ಇಷ್ಟೆಲ್ಲಾ ಓದಿದ ಮೇಲೆ ನಾನು ಅವ್ವನಿಗೆ ಹೇಳಬೇಕಿದ್ದದ್ದು ಒಂದೇ ಮಾತು. ಬೆಳಿಗ್ಗೆ ಹೊತ್ತೇರುವ ಮುಂಚೆ ಹೋಗು, ನೆರಳಲ್ಲಿ ಕೂಡಿಸಿ ನೋಡು ಅಂತ. ನಾನು ಮಾಡಿದ್ದೇ ಬೇರೆ. ಮೆನುವಿನಲ್ಲಿ ಆಫ್‌ಸೆಟ್ ಅಂತ ಒಂದು ಸೆಟ್ಟಿಂಗ್ ಇತ್ತು. ಅದನ್ನು ಒತ್ತಿ ಎರಡು ಡಿಗ್ರಿ ಫ್ಯಾರನ್‌ಹೀಟ್ ಇಳಿಸಿಬಿಟ್ಟೆ. ಎಲ್ಲರದೂ 98, 99ಕ್ಕೆ ಬಂದು ಕೂತಿತು. ಅವ್ವ ಖುಷಿಯಾದಳು. ನಾನೂ ಬೀಗಿದೆ.

ನಮ್ಮ ಕೆಲಸದಲ್ಲಿ ಇದಕ್ಕೊಂದು ಹೆಸರಿಲ್ಲದ ಪಾಪ ಇದೆ. ಟೆಸ್ಟ್ ಫೇಲ್ ಆದರೆ ಕೋಡ್ ನೋಡಬೇಕು. ಸೋಮಾರಿಗಳು ಟೆಸ್ಟನ್ನೇ ತಿದ್ದಿ ಹಸಿರು ಬಣ್ಣ ಬರಿಸುತ್ತಾರೆ. ಆಫೀಸಿನಲ್ಲಿ ಜೂನಿಯರ್‌ಗಳಿಗೆ ಇದಕ್ಕೇ ಬೈಯುತ್ತಿದ್ದವನು ನಾನು!

ಮೂರು ದಿನ ಬಿಟ್ಟು ಓಣಿಯ ಕೊನೆ ಮನೆಯ ತಾತ ಮೈ ಕೈ ನೋವು ಅಂತ ಮಲಗಿದ. ಅವ್ವ ಹೋದದ್ದು ಬೆಳಿಗ್ಗೆ ಆರೂವರೆಗೆ. ಮಣ್ಣಿನ ಗೋಡೆಯ ತಂಪು ಕೋಣೆ, ಗನ್ನು ರಾತ್ರಿಯೆಲ್ಲಾ ನಮ್ಮ ಮನೆಯ ಗೂಡಿನಲ್ಲಿ ತಣ್ಣಗಿತ್ತು. ಅಂದರೆ ಸರಿಯಾಗಿ ಅಳೆಯಲು ಬೇಕಾದ್ದೆಲ್ಲಾ ಅವತ್ತು ಇತ್ತು, ನನ್ನ ಎರಡು ಡಿಗ್ರಿ ಒಂದನ್ನು ಬಿಟ್ಟು. 98.8 ತೋರಿಸಿತು. ಅವ್ವ "ಜ್ವರ ಇಲ್ಲ ತಾತಾ, ಬಿಸಿಲಿಗೆ ಹಂಗಾಗೈತಿ" ಅಂದು ಬಂದಳು. ಮರುದಿನವೂ 99. ಮೂರನೇ ದಿನ ತಾತನ ಮಗ ತಮ್ಮ ಮನೆಯ ಹಳೇ ಪಾದರಸದ ಥರ್ಮಾಮೀಟರನ್ನು ಕಂಕುಳಲ್ಲಿ ಇಟ್ಟು ನೋಡಿದರೆ 101. ಆಕ್ಸಿಮೀಟರ್ ತಂದು ಬೆರಳಿಗೆ ಹಾಕಿದರೆ 87. 108 ಬಂತು, ಕರೆದುಕೊಂಡು ಹೋಯಿತು.

ಹದಿನಾಲ್ಕು ದಿನ ಆಸ್ಪತ್ರೆ. ತಾತ ಬದುಕಿದ. ಅವನ ಪುಣ್ಯವೋ ನನ್ನ ಪುಣ್ಯವೋ ಗೊತ್ತಿಲ್ಲ. ಆದರೆ ಆ ಹದಿನಾಲ್ಕು ದಿನ ಅವ್ವ ಸರಿಯಾಗಿ ಊಟ ಮಾಡಲಿಲ್ಲ. "ನಾನೇ ಸರಿಯಾಗಿ ಹಿಡೀಲಿಲ್ಲೇನೋ, ದೂರ ಹಿಡಿದ್ನೇನೋ" ಅಂತ ಒಂದೇ ಸಮ ಹೇಳುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಕೇಳುತ್ತಿದ್ದೆ. ಬಾಯಿ ಬಿಡಲಿಲ್ಲ. ಒಂದು ರಾತ್ರಿ ಅವಳು ಮಲಗಿದ ಮೇಲೆ ಆಫ್‌ಸೆಟ್ಟನ್ನು ಸೊನ್ನೆಗೆ ತಂದು ಇಟ್ಟೆ, ಕಳ್ಳನ ಹಾಗೆ.

ಹೇಳಿದ್ದು ಮೂರು ತಿಂಗಳ ಮೇಲೆ, ಬೆಂಗಳೂರಿಗೆ ಹೊರಡುವ ಹಿಂದಿನ ದಿನ. ಅವ್ವ ಜೋಳದ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, "ಅವಾಗ್ಲೇ ಹೇಳಿದ್ರೆ ನಾನು ಅಷ್ಟು ದಿನ ಅಳ್ತಿದ್ದಿಲ್ಲ" ಅಂದಳು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಇರಲಿ. ಈ ಸಲ ಗನ್ನನ್ನು ರಿಪೇರಿ ಮಾಡಿದೆ. ಸೆಲ್ ಸೋರಿದ ಪುಡಿ ಕ್ಷಾರ, ಕೈಗೆ ತಾಗಬಾರದು. ಪ್ಲಾಸ್ಟಿಕ್ ಕವರ್ ಸುತ್ತಿಕೊಂಡು, ನಿಂಬೆರಸ ಅದ್ದಿದ ಹತ್ತಿಯಿಂದ ತಗಡಿನ ತುದಿಗಳನ್ನು ಉಜ್ಜಿ, ಆಮೇಲೆ ಸ್ಪಿರಿಟ್ಟಿನಿಂದ ಒರೆಸಿ ಒಣಗಿಸಿದೆ. ಲೆನ್ಸನ್ನು ಮಾತ್ರ ಸೀರೆ ಸೆರಗಿನಿಂದ ಉಜ್ಜಬಾರದು (ಅವ್ವ ಉಜ್ಜುತ್ತಿದ್ದದ್ದು ಹಾಗೇ). ಕಿವಿಗೆ ಹಾಕುವ ಹತ್ತಿಕಡ್ಡಿಗೆ ಸ್ಪಿರಿಟ್ ಹಚ್ಚಿ ಮೆತ್ತಗೆ ಒರೆಸಿ, ಪೂರಾ ಆರಿದ ಮೇಲೆ ಬಳಸಬೇಕು. ಅಲ್ಲಿ ಧೂಳಿನ ಪದರ ಇದ್ದರೆ ಹಣೆಯ ಬಿಸಿ ಪೂರ್ತಿ ಒಳಗೆ ಹೋಗದೆ ಕಡಿಮೆ ತೋರಿಸುತ್ತದೆ.

ಹೊಸ ಸೆಲ್ ಹಾಕಿದೆ, ಬದುಕಿತು! ಬಾಡಿ ಮೋಡಿನಲ್ಲಿದೆಯೋ ಸರ್ಫೇಸ್ ಮೋಡಿನಲ್ಲಿದೆಯೋ ನೋಡಿಕೊಂಡೆ. ಬಾಡಿ ಮೋಡಿನಲ್ಲಿ ಹಣೆಯ ಮೇಲಿನ ಬಿಸಿಯಿಂದ ಮೈಯೊಳಗಿನ ಬಿಸಿಯನ್ನು ಲೆಕ್ಕ ಹಾಕಿ ಹೇಳುತ್ತದೆ, ಸರ್ಫೇಸ್ ಮೋಡಿನಲ್ಲಿ ಹಣೆಯ ಮೇಲೆ ಇರುವುದನ್ನೇ ಹೇಳುತ್ತದೆ, ಅದು ಸಾಮಾನ್ಯವಾಗಿ ಕಡಿಮೆ. ಸರ್ಫೇಸ್ ಮೋಡಿಗೆ ಹಾಕಿ ಅವ್ವನಿಗೆ ಒಂದು ಆಟ ತೋರಿಸಿದೆ. ಒಂದೇ ಬಿಸಿನೀರನ್ನು ಫಳಫಳ ಹೊಳೆಯುವ ಸ್ಟೀಲ್ ಚೊಂಬಿಗೂ ಮಸಿ ಹಿಡಿದ ಪಾತ್ರೆಗೂ ಹಾಕಿ ಹೊರಗಿನಿಂದ ಹಿಡಿದರೆ, ಚೊಂಬಿನದು ಎಷ್ಟೋ ಕಡಿಮೆ ಬಂತು. ಹೊಳೆಯುವ ಲೋಹ ತನ್ನ ಬಿಸಿಯನ್ನು ಬಿಟ್ಟುಕೊಡುವುದು ಕಡಿಮೆ. "ಅಂದ್ರೆ ಮಸಿ ಪಾತ್ರೆನೇ ಖರೆ ಹೇಳ್ತೈತಿ" ಅಂದು ನಕ್ಕಳು.

ಈಗ ಅವ್ವ ಒಂದು ಪದ್ಧತಿ ಮಾಡಿಕೊಂಡಿದ್ದಾಳೆ. ಬೆಳಿಗ್ಗೆ ಹೊರಡುವ ಮುಂಚೆ ತನ್ನ ಜ್ವರವನ್ನು ಗನ್ನಿನಲ್ಲೂ ಮಾಮೂಲಿ ಥರ್ಮಾಮೀಟರಿನಲ್ಲೂ ನೋಡಿ ಎರಡನ್ನೂ ಬರೆದಿಡುತ್ತಾಳೆ. ವ್ಯತ್ಯಾಸ ಜಾಸ್ತಿ ಬಂದ ದಿನ ಗನ್ನು ಮನೆಯಲ್ಲೇ. ಯಾರನ್ನೇ ಆಗಲಿ ನೆರಳಲ್ಲಿ ಕೂಡಿಸಿ, ವಿಭೂತಿ ಬೆವರು ಒರೆಸಿ, ಮೂರು ಸಲ ನೋಡುತ್ತಾಳೆ. ಅದಕ್ಕೂ ಮೊದಲು ಅಂಗೈ ಹಿಂಭಾಗವನ್ನು ಹಣೆಗೆ ಇಡುತ್ತಾಳೆ. ಆ ಎರಡು ವರ್ಷ ಅದೊಂದನ್ನು ಮಾಡುವ ಹಾಗೆ ಇರಲಿಲ್ಲವಲ್ಲ...

ಊರಿಂದ ಹೊರಡುವಾಗ ತಾತ ಕಟ್ಟೆ ಮೇಲೆ ಕೂತಿದ್ದ. ಅವನಿಗೆ ಇವತ್ತಿಗೂ ವಿಷಯ ಗೊತ್ತಿಲ್ಲ. "ಯಾವಾಗ ಬಂದ್ಯಪ್ಪಾ ಎಂಜಿನಿಯರ್ರು?" ಅಂದ. ಮುಂದಿನ ಸಲ ಹೋದಾಗ ಹೇಳಬೇಕು.

ನಿಮ್ಮ ಮನೆಯ ಕಪಾಟಿನಲ್ಲೂ ಅಂಥದ್ದೊಂದು ಗನ್ನು ಬಿದ್ದಿದ್ದರೆ ಇವತ್ತೇ ಸೆಲ್ ತೆಗೆದಿಡಿ. ಹಾಗೇ ಆಫ್‌ಸೆಟ್ ಎಷ್ಟಿದೆ ಅಂತ ಒಂದು ಸಲ ನೋಡಿ.